ಪಸ್ ಮಾತ್ ವಿಮಾನಗಳ ರೆಕ್ಕೆ ಆಕಾಶದಲ್ಲೇ ಮುರಿದದ್ದು ಯಾಕೆ? (1930–33)

ಹಳೇಪ್ರೊಪೆಲ್ಲರ್

1932ರ ಜುಲೈ 27ರಂದು ಇಂಗ್ಲೆಂಡಿನ ಸರ್ರೆಯಲ್ಲಿ, ಚರ್ಟ್ ಎಂಬ ಊರಿನ ಬಳಿ, ಕೆಟ್ಟ ಹವೆಯಲ್ಲಿ ಹಾರುತ್ತಿದ್ದ ಒಂದು ಡಿ ಹ್ಯಾವಿಲಂಡ್ ಪಸ್ ಮಾತ್ ಆಕಾಶದಲ್ಲೇ ಒಡೆದು ಬಿತ್ತು. ಸಂಸದ ಆಲ್ಫ್ರೆಡ್ ಬಾಸಮ್ ಅವರ ಪತ್ನಿ, ಹಿರಿಯ ಮಗ ಬ್ರೂಸ್ ಮತ್ತು ಜೊತೆಗಿದ್ದ ಅತಿಥಿ, ಮೂವರೂ ತೀರಿಕೊಂಡರು. ಅದಕ್ಕೂ ಮುಂಚೆ, 1931ರ ಮೇ 5ರಂದು, ದಕ್ಷಿಣ ಆಫ್ರಿಕದ ಡ್ರಾಕೆನ್ಸ್‌ಬರ್ಗ್ ಬೆಟ್ಟಸಾಲಿನಲ್ಲಿ ಗ್ಲೆನ್ ಕಿಡ್‌ಸ್ಟನ್ ಮತ್ತು ಅವರ ಜೊತೆಗಾರ ಕ್ಯಾಪ್ಟನ್ ಗ್ಲ್ಯಾಡ್‌ಸ್ಟನ್ ತೀರಿಕೊಂಡದ್ದೂ ಪಸ್ ಮಾತ್‌ನಲ್ಲೇ. ಕಿಡ್‌ಸ್ಟನ್ ಅದರ ಹಿಂದಿನ ತಿಂಗಳಷ್ಟೇ ಲಾಕ್‌ಹೀಡ್ ವೇಗಾದಲ್ಲಿ ಇಂಗ್ಲೆಂಡಿನಿಂದ ಕೇಪ್ ಟೌನಿಗೆ ದಾಖಲೆ ಹಾರಾಟ ಮಾಡಿದ್ದವರು. ಮೊದಲನೆಯ ಪ್ರಕರಣ 1930ರ ಅಕ್ಟೋಬರಿನದು, ಪಶ್ಚಿಮ ಆಸ್ಟ್ರೇಲಿಯದಲ್ಲಿ. ಚರ್ಟ್ ಆದ ಎರಡೇ ತಿಂಗಳಿಗೆ, 1932ರ ಸೆಪ್ಟೆಂಬರ್ 18ರಂದು, ಆಸ್ಟ್ರೇಲಿಯದ ಬೈರನ್ ಬೇ ಹತ್ತಿರ ಇನ್ನೊಂದು ಬಿತ್ತು. ಮೊದಲ ಮಹಾಯುದ್ಧದ ಹೆಸರಾಂತ ಪೈಲಟ್ ಲೆಸ್ ಹೋಲ್ಡನ್ ಅದರಲ್ಲಿ ಪ್ರಯಾಣಿಕರಾಗಿದ್ದರು.

ಕಾರಣ ಸ್ಪಷ್ಟವಾಗುವ ಹೊತ್ತಿಗೆ ಇಂಥವು ಒಂಬತ್ತಾಗಿದ್ದವು. ಕನ್ನಡದಲ್ಲಿ ಇದರ ಬಗ್ಗೆ ಏನಾದರೂ ಬಂದರೆ "ಬಿರುಗಾಳಿಗೆ ಸಿಕ್ಕಿ ಬಿತ್ತು" ಅನ್ನುವಲ್ಲಿಗೆ ಮುಗಿದುಹೋಗುತ್ತದೆ. ಅದೇ ಗಾಳಿಯಲ್ಲಿ ಬೇರೆ ವಿಮಾನಗಳೂ ಹಾರುತ್ತಿದ್ದವಲ್ಲ? ಹಾಗಾಗಿ ಈ ಚರ್ಚೆ ರಚನೆಯ ಬಗ್ಗೆ ನಡೆಯಲಿ.

ಗೊತ್ತಿಲ್ಲದವರಿಗೆ ಒಂದಷ್ಟು ವಿವರ. ಡಿಎಚ್ 80ಎ ಪಸ್ ಮಾತ್: ಮೂಲಮಾದರಿ ಹಾರಿದ್ದು 1929ರ ಸೆಪ್ಟೆಂಬರಿನಲ್ಲಿ. ಮೇಲ್ರೆಕ್ಕೆಯ ಏಕತಲ ವಿಮಾನ, ಮುಚ್ಚಿದ ಕ್ಯಾಬಿನ್, ಇಬ್ಬರಿಗೆ ಸರಾಗ, ಮೂವರು ಕೂರಬಹುದು. ಜಿಪ್ಸಿ 3 ಎಂಜಿನ್, ನಾಲ್ಕು ಸಿಲಿಂಡರ್ ತಲೆಕೆಳಗಾಗಿ, 120 ಅಶ್ವಶಕ್ತಿ. ಒಡಲು ಬೆಸೆದ ಉಕ್ಕಿನ ಕೊಳವೆಗಳದು, ರೆಕ್ಕೆ ಮರದ ಸ್ಪಾರ್‌ಗಳ (ರೆಕ್ಕೆಯುದ್ದಕ್ಕೂ ಹೋಗುವ ತೊಲೆಗಳ) ಮೇಲೆ ಬಟ್ಟೆ ಹೊದಿಸಿದ್ದು, ಹಿಂದಕ್ಕೆ ಮಡಚಿ ಶೆಡ್ಡಿನಲ್ಲಿ ಇಡಬಹುದು. ರೆಕ್ಕೆಯ ಹರವು 11.2 ಮೀಟರ್, ವಿಸ್ತೀರ್ಣ ಸುಮಾರು 20.6 ಚದರ ಮೀಟರ್, ತುಂಬಿದ ತೂಕ 930 ಕೆ.ಜಿ. ಗರಿಷ್ಠ ವೇಗ ಗಂಟೆಗೆ 206 ಕಿ.ಮೀ., ಸಾಮಾನ್ಯ ವೇಗ 174. ಸ್ವಂತ ವಿಮಾನ ಇಟ್ಟುಕೊಳ್ಳುವವರು ಕೋಟು ಟೈ ಹಾಕಿಕೊಂಡು ಹಾರಬಹುದು ಎಂಬ ಆಸೆ ಹುಟ್ಟಿಸಿದ್ದೇ ಇದು.

ಸ್ಪಾರ್‌ಪೆಟ್ಟಿಗೆ

ಒಳ್ಳೇ ವಿಷಯ ಎತ್ತಿದ್ದೀರಿ ಸರ್. ಇದನ್ನು ಬಿಡಿಸಲು ಅದರ ಹಿಂದಿನ ಜಿಪ್ಸಿ ಮಾತ್‌ನಿಂದ ಶುರು ಮಾಡಬೇಕು.

ಜಿಪ್ಸಿ ಮಾತ್ ದ್ವಿತಲ ವಿಮಾನ. ಎರಡು ರೆಕ್ಕೆಗಳ ನಡುವೆ ಅಡ್ಡಡ್ಡ ತಂತಿಗಳು. ಹಾರುವಾಗ ರೆಕ್ಕೆ ಮೇಲಕ್ಕೆ ಎಳೆದರೆ ಒಂದು ಜೊತೆ ತಂತಿ ಬಿಗಿಯಾಗುತ್ತದೆ. ರೆಕ್ಕೆ ಕೆಳಕ್ಕೆ ಒತ್ತಿದರೆ (ನೆಲಕ್ಕಿಳಿಯುವಾಗ, ಅಥವಾ ಮೇಲಿಂದ ಗಾಳಿ ಹೊಡೆದಾಗ) ಇನ್ನೊಂದು ಜೊತೆ ಬಿಗಿಯಾಗುತ್ತದೆ. ಎರಡು ದಿಕ್ಕಿನ ಬಲಕ್ಕೆ ಎರಡು ಬೇರೆ ತಂತಿ, ಎರಡೂ ಕೆಲಸ ಮಾಡುವುದು ಎಳೆತದಲ್ಲೇ.

ಪಸ್ ಮಾತ್‌ನಲ್ಲಿ ತಂತಿ ಇಲ್ಲ. ಒಡಲಿನ ಕೆಳ ಅಂಚಿನಿಂದ ರೆಕ್ಕೆಯ ಕೆಳಭಾಗಕ್ಕೆ ಪ್ರತಿ ಬದಿಗೆ ಎರಡು ಕೊಳವೆ ಸ್ಟ್ರಟ್ (ರೆಕ್ಕೆಗೆ ಆಸರೆಯಾದ ಓರೆಗೋಲು): ಮುಂದಿನದು ಮುಂದಿನ ಸ್ಪಾರ್‌ಗೆ, ಹಿಂದಿನದು ಹಿಂದಿನ ಸ್ಪಾರ್‌ಗೆ. ರೆಕ್ಕೆ ಮೇಲಕ್ಕೆ ಎಳೆದಾಗ ಸ್ಟ್ರಟ್ ಎಳೆತದಲ್ಲಿರುತ್ತದೆ, ರೆಕ್ಕೆ ಕೆಳಕ್ಕೆ ಒತ್ತಿದಾಗ ಅದೇ ಸ್ಟ್ರಟ್ ಒತ್ತಡಕ್ಕೆ ಬರುತ್ತದೆ. ಪೊರಕೆ ಕಡ್ಡಿಯನ್ನು ಎರಡೂ ತುದಿ ಹಿಡಿದು ಎಳೆದು ನೋಡಿ, ಆಮೇಲೆ ಒತ್ತಿ ನೋಡಿ. ಉದ್ದನೆಯ ತೆಳು ಕೊಳವೆಯೂ ಹಾಗೇ.

ಲೆಕ್ಕ ಹಾಕೋಣ. ಇದು ಪಸ್ ಮಾತ್‌ನ ನಿಜವಾದ ಕೊಳವೆ ಅಲ್ಲ, ತತ್ವ ತೋರಿಸಲು ತೆಗೆದುಕೊಂಡ ಉದಾಹರಣೆ. ಉಕ್ಕಿನ ಕೊಳವೆ, ಹೊರವ್ಯಾಸ 40 ಮಿ.ಮೀ., ಗೋಡೆಯ ದಪ್ಪ 1 ಮಿ.ಮೀ., ಉದ್ದ 2.5 ಮೀ.

ಎಳೆತ: ಅಡ್ಡಕೊಯ್ತದ ವಿಸ್ತೀರ್ಣ 122.5 ಚದರ ಮಿ.ಮೀ. ಚದರ ಮಿ.ಮೀ.ಗೆ 300 ನ್ಯೂಟನ್ ಹೊರುವ ಉಕ್ಕು ಅಂದುಕೊಂಡರೆ ಸುಮಾರು 36,700 ನ್ಯೂಟನ್, ಅಂದರೆ 3,750 ಕೆ.ಜಿ.

ಒತ್ತಡ: ಇಲ್ಲಿ ಆಯ್ಲರ್ ಸೂತ್ರ, ಉದ್ದನೆಯ ಕಂಬ ಎಷ್ಟು ಒತ್ತಡಕ್ಕೆ ಬಾಗುತ್ತದೆ ಎಂದು ಹೇಳುವುದು. ಪೈ ವರ್ಗವನ್ನು ಲೋಹದ ಬಿಗಿತದಿಂದಲೂ (ಉಕ್ಕಿಗೆ 2,00,000) ಅಡ್ಡಕೊಯ್ತದ ಜಡತ್ವದಿಂದಲೂ (ಈ ಕೊಳವೆಗೆ 23,300) ಗುಣಿಸಿ, ಉದ್ದದ ವರ್ಗದಿಂದ ಭಾಗಿಸಬೇಕು. ಬರುವುದು 7,360 ನ್ಯೂಟನ್, ಸುಮಾರು 750 ಕೆ.ಜಿ.

ಒಂದೇ ಕೊಳವೆ. ಎಳೆದರೆ 3,750, ಒತ್ತಿದರೆ 750. ರೆಕ್ಕೆಯ ಮೇಲ್ಮುಖ ಬಲಕ್ಕೆ ಹೊಂದುವಂತೆ ಸ್ಟ್ರಟ್ ಆರಿಸಿ, ಕೆಳಮುಖ ಬಲವನ್ನು ಅಷ್ಟೇ ಗಂಭೀರವಾಗಿ ನೋಡದಿದ್ದರೆ ಏನಾಗುತ್ತದೆ ಎಂಬುದು ಈ ಎರಡು ಸಂಖ್ಯೆಗಳಲ್ಲೇ ಇದೆ.

ಮೋಡದಂಚು

ರಚನೆಯ ವಾದ ಸರಿ, ಆದರೆ ಪೈಲಟ್‌ಗಳ ಕಡೆಯನ್ನು ಬಿಡಬಾರದು. ಬ್ರಿಟನ್ನಿನ ಖಾಸಗಿ "ಎ" ಲೈಸೆನ್ಸಿಗೆ ಆಗ 3 ಗಂಟೆ ಒಂಟಿ ಹಾರಾಟ ಸಾಕಿತ್ತು. ಮೋಡದೊಳಗೆ ಉಪಕರಣ ನೋಡಿ ಹಾರುವ ತರಬೇತಿ ಕಡ್ಡಾಯ ಇರಲಿಲ್ಲ. ಮೋಡಕ್ಕೆ ಹೊಕ್ಕ ಮೇಲೆ ದಿಗಂತ ಕಾಣದು, ಒಳಗಿವಿಯ ಸಂವೇದನೆ ಮೋಸ ಮಾಡುತ್ತದೆ, ವಿಮಾನ ನಿಧಾನವಾಗಿ ಒಂದು ಕಡೆ ವಾಲುತ್ತದೆ, ಮೂಗು ಕೆಳಗಾಗುತ್ತದೆ, ವೇಗ ಏರುತ್ತದೆ. ಪೈಲಟ್ ವಾಲಿದ್ದನ್ನು ಸರಿಮಾಡದೆ ನಿಯಂತ್ರಣ ಕೋಲನ್ನು ಹಿಂದಕ್ಕೆ ಎಳೆದರೆ ಸುರುಳಿ ಇನ್ನೂ ಬಿಗಿಯಾಗುತ್ತದೆ.

ಜಿಪ್ಸಿ ಮಾತ್‌ನ ತಂತಿಗಳು, ತೆರೆದ ಕಾಕ್‌ಪಿಟ್, ಇವೆಲ್ಲ ಗಾಳಿಗೆ ತಡೆ. ಮೂಗು ಇಳಿದರೂ ವೇಗ ನಿಧಾನಕ್ಕೆ ಏರುತ್ತಿತ್ತು, ತಂತಿಗಳ ಸದ್ದು ಎಚ್ಚರಿಸುತ್ತಿತ್ತು. ಪಸ್ ಮಾತ್ ನುಣುಪು ಮೈಯದು, ಬಾಗಿಲು ಮುಚ್ಚಿದ್ದು. ಕೆಲವೇ ಸೆಕೆಂಡಿನಲ್ಲಿ ವೇಗ ಮಿತಿ ಮೀರುತ್ತದೆ. ಇದರ ಇಳಿಗತಿ ಎಷ್ಟು ಸಪಾಟಾಗಿತ್ತೆಂದರೆ, ಚಕ್ರದ ಕಾಲುಗಳ ಮೇಲಿನ ಹೊದಿಕೆಯನ್ನು 90 ಡಿಗ್ರಿ ತಿರುಗಿಸಿ ಗಾಳಿಗೆ ಅಡ್ಡ ಹಿಡಿಯುವ ಬ್ರೇಕ್ ವ್ಯವಸ್ಥೆಯನ್ನೇ ಕೊಟ್ಟಿದ್ದರು. ಕಣ್ಣಿಗೆ ಏನೂ ಕಾಣದ ಹೊತ್ತಿನಲ್ಲಿ ನಿಯಂತ್ರಣ ತಪ್ಪಿ, ವೇಗ ಮೀರಿ, ಆಮೇಲೆ ರೆಕ್ಕೆ ಹೋಗಿರಬಹುದಲ್ಲವೇ?

ಸ್ಪಾರ್‌ಪೆಟ್ಟಿಗೆ

ಮೋಡದಂಚು ಅವರೇ, ವೇಗದ ಮಾತು ನೂರಕ್ಕೆ ನೂರು ಸರಿ. ಆದರೆ ನೀವು ಹೇಳಿದ ಸುರುಳಿಯಲ್ಲಿ ಪೈಲಟ್ ಕೋಲು ಹಿಂದಕ್ಕೆ ಎಳೆಯುತ್ತಿರುತ್ತಾನೆ. ಆಗ ರೆಕ್ಕೆಯ ಬಲ ಮೇಲ್ಮುಖ, ಸ್ಟ್ರಟ್ ಎಳೆತದಲ್ಲಿ, ಅಂದರೆ ಅದರ ಗಟ್ಟಿ ದಿಕ್ಕಿನಲ್ಲಿ. ಹಾಗೆ ಮುರಿದರೆ ರೆಕ್ಕೆ ಮೇಲಕ್ಕೆ ಮಡಚಿಕೊಳ್ಳಬೇಕು, ಸ್ಪಾರ್ ಮೊದಲು ಹೋಗಬೇಕು, ಸ್ಟ್ರಟ್ ನೆಟ್ಟಗೇ ಸಿಗಬೇಕು. ಪಸ್ ಮಾತ್ ತನಿಖೆ ಬೆರಳು ತೋರಿಸಿದ್ದು ಮುಂದಿನ ಸ್ಟ್ರಟ್ ಕಡೆಗೆ: ಕದಡಿದ ಗಾಳಿ, ಹೆಚ್ಚಿನ ವೇಗ, ಇವೆರಡೂ ಕೂಡಿದಾಗ.

ಮುಂದಿನದೇ ಯಾಕೆ? ಉಬ್ಬು ಬೆನ್ನಿನ ರೆಕ್ಕೆ ಹೆಚ್ಚು ವೇಗದಲ್ಲಿ, ಕಡಿಮೆ ಕೋನದಲ್ಲಿ ಹಾರುವಾಗ ಗಾಳಿಯ ಬಲದ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ರೆಕ್ಕೆ ತನ್ನ ಮೂಗನ್ನು ಕೆಳಕ್ಕೆ ತಿರುಚಲು ನೋಡುತ್ತದೆ. ಹಿಂದಿನ ಸ್ಪಾರ್ ಮೇಲಕ್ಕೆ ಹೋಗುತ್ತದೆ, ಮುಂದಿನದು ಕೆಳಕ್ಕೆ. ಮತ್ತೆ ಉದಾಹರಣೆ ಲೆಕ್ಕ. ತಿರುಚು ಗುಣಾಂಕ 0.05, ಒಂದು ಬದಿಯ ರೆಕ್ಕೆ 10 ಚದರ ಮೀ., ಅಗಲ 1.83 ಮೀ., ಸ್ಪಾರ್‌ಗಳ ನಡುವಿನ ದೂರ 0.9 ಮೀ. ಅಂದುಕೊಳ್ಳಿ.

ಗಂಟೆಗೆ 174 ಕಿ.ಮೀ. ವೇಗದಲ್ಲಿ ಮುಂದಿನ ಸ್ಪಾರ್ ಮೇಲೆ ಈ ತಿರುಚಿನಿಂದಲೇ ಕೆಳಮುಖ ಬಲ ಸುಮಾರು 140 ಕೆ.ಜಿ. ಗಂಟೆಗೆ 250 ಕಿ.ಮೀ.ಗೆ ಅದು ಸುಮಾರು 300 ಕೆ.ಜಿ. ವೇಗ ಒಂದೂವರೆ ಪಟ್ಟೂ ಆಗಿಲ್ಲ, ಬಲ ಎರಡು ಪಟ್ಟು ದಾಟಿದೆ. ಸಾಮಾನ್ಯ ಹಾರಾಟದಲ್ಲಿ ಇದು ಕಾಣುವುದಿಲ್ಲ, ಯಾಕೆಂದರೆ ರೆಕ್ಕೆ ಹೊರುವ ತೂಕದ ದೊಡ್ಡ ಪಾಲು ಮುಂದಿನ ಸ್ಪಾರ್ ಮೇಲಿದ್ದು ಇದನ್ನು ಮುಚ್ಚಿಬಿಡುತ್ತದೆ. ಆ ತೂಕ ಒಂದು ಕ್ಷಣ ಇಲ್ಲವಾದರೆ ಇದೊಂದೇ ಉಳಿಯುತ್ತದೆ. ತೂಕವನ್ನು ಇಲ್ಲವಾಗಿಸುವುದು ಮೇಲಿಂದ ಹೊಡೆಯುವ ಗಾಳಿ.

ಗಾಳಿಮಾಪಕ

ಆ ಗಾಳಿಯ ಲೆಕ್ಕ ನಾನು ಹಾಕುತ್ತೇನೆ. ಜಿ ಎಂದರೆ ರೆಕ್ಕೆಯ ಬಲ ವಿಮಾನದ ತೂಕದ ಎಷ್ಟು ಪಟ್ಟು ಎಂಬುದು. ಸರಳ ಸೂತ್ರ: ಹೆಚ್ಚುವರಿ ಜಿ = ಗಾಳಿಯ ಸಾಂದ್ರತೆ × ವಿಮಾನದ ವೇಗ × ಹೊಡೆತದ ವೇಗ × ರೆಕ್ಕೆಯ ಲಿಫ್ಟ್ ಇಳಿಜಾರು (ಕೋನ ಏರಿದಂತೆ ಎತ್ತುವ ಬಲ ಎಷ್ಟು ಏರುತ್ತದೆ ಎಂಬುದು), ಇದನ್ನು ರೆಕ್ಕೆಭಾರದ ಎರಡರಷ್ಟರಿಂದ ಭಾಗಿಸಬೇಕು. ಪಸ್ ಮಾತ್‌ನ ರೆಕ್ಕೆಭಾರ 930 ÷ 20.6 = ಚದರ ಮೀಟರಿಗೆ 45 ಕೆ.ಜಿ., ಅಂದರೆ 443 ನ್ಯೂಟನ್. ಸಾಂದ್ರತೆ 1.2, ಇಳಿಜಾರು 4.5, ಸೆಕೆಂಡಿಗೆ 6 ಮೀಟರಿನ ಕೆಳಮುಖ ಹೊಡೆತ.

ಗಂಟೆಗೆ 126 ಕಿ.ಮೀ. (35 ಮೀ./ಸೆ.): ಬದಲಾವಣೆ 1.28 ಜಿ. ವಿಮಾನ +1ರಿಂದ −0.28ಕ್ಕೆ.
ಗಂಟೆಗೆ 174 ಕಿ.ಮೀ. (48 ಮೀ./ಸೆ.): ಬದಲಾವಣೆ 1.76 ಜಿ. ಅಂದರೆ −0.76.
ಗಂಟೆಗೆ 250 ಕಿ.ಮೀ. (70 ಮೀ./ಸೆ.): ಬದಲಾವಣೆ 2.56 ಜಿ. ಅಂದರೆ −1.56.

ಹೊಡೆತ ಒಮ್ಮೆಲೇ ಚೂಪಾಗಿ ಬರುವುದಿಲ್ಲ, ಆದ್ದರಿಂದ ನಿಜದಲ್ಲಿ ಇದಕ್ಕಿಂತ ಒಂದಿಷ್ಟು ಕಡಿಮೆ ಇರುತ್ತದೆ. ಆದರೆ ಸೆಕೆಂಡಿಗೆ 6 ಮೀಟರ್ ಅನ್ನುವುದೇನೂ ದೊಡ್ಡದಲ್ಲ, ಗುಡುಗುಮೋಡದ ಸುತ್ತಮುತ್ತ, ಬೆಟ್ಟದ ಗಾಳಿಮರೆಯ ಬದಿಯಲ್ಲಿ ಅದಕ್ಕಿಂತ ಹೆಚ್ಚಿನದು ಸಿಗುತ್ತದೆ. ಡ್ರಾಕೆನ್ಸ್‌ಬರ್ಗ್ 3,000 ಮೀಟರ್ ದಾಟುವ ಸಾಲು, ಅದರ ಅಂಚು ಗೋಡೆಯಂತೆ ಕಡಿದಾಗಿದೆ, ಗಾಳಿ ಅಲ್ಲಿ ಹೊರಳಿ ಬೀಳುತ್ತದೆ.

ಇದರಿಂದ ಪೈಲಟ್‌ಗೆ ಸಿಗುವ ಪಾಠ ಇವತ್ತಿಗೂ ಅದೇ: ಗಾಳಿ ಕದಡಿದ ಕಡೆ ವೇಗ ಇಳಿಸಬೇಕು. ಗುಡುಗಿನ ಮುಂಚೆ ಮನೆ ಸೇರೋಣ ಎಂದು ಥ್ರಾಟಲ್ ತಳ್ಳುವುದು ತಪ್ಪು ದಾರಿ. ಇವತ್ತಿನ ವಿಮಾನಗಳ ಕೈಪಿಡಿಯಲ್ಲಿ ಇದಕ್ಕಾಗಿಯೇ ಒಂದು ವೇಗ ನಮೂದಾಗಿರುತ್ತದೆ.

ಸ್ಪಾರ್‌ಪೆಟ್ಟಿಗೆ

ಗಾಳಿಮಾಪಕ ಅವರ −1.56 ಜಿ ತೆಗೆದುಕೊಂಡು ಮುಗಿಸುತ್ತೇನೆ. ಒಂದು ಬದಿಯ ರೆಕ್ಕೆಗೆ 465 × 1.56 = 725 ಕೆ.ಜಿ. ಕೆಳಮುಖ. ಅದರಲ್ಲಿ 80% ಮುಂದಿನ ಸ್ಪಾರ್‌ಗೆ, 580. ಅದಕ್ಕೆ ತಿರುಚಿನ 300 ಸೇರಿಸಿ, 880. ಸ್ಟ್ರಟ್ ಸುಮಾರು 35 ಡಿಗ್ರಿ ಓರೆಯಲ್ಲಿದೆ, ಲಂಬ ಬಲದ 90% ಅದಕ್ಕೆ ಬರುತ್ತದೆ ಎಂದುಕೊಂಡರೆ ಸ್ಟ್ರಟ್‌ನೊಳಗಿನ ಒತ್ತಡ 1,400 ಕೆ.ಜಿ. ಹತ್ತಿರ. ರೆಕ್ಕೆಯ ಸ್ವಂತ ತೂಕ ಕೊಡುವ ರಿಯಾಯಿತಿ ಇದರಲ್ಲಿ ಸೇರಿಲ್ಲ, ಆದರೂ ನಮ್ಮ ಉದಾಹರಣೆ ಕೊಳವೆಯ ಮಿತಿ 750.

ಇಲ್ಲಿಂದ ಮುಂದಿನದೇ ಭಯಾನಕ. ಬಟ್ಟೆ ಹೊದಿಸಿದ ಎರಡು ಸ್ಪಾರ್ ರೆಕ್ಕೆಗೆ ತಿರುಚು ತಡೆಯುವ ಶಕ್ತಿ ಬಹುಪಾಲು ಬರುವುದು ಎರಡು ಸ್ಟ್ರಟ್‌ಗಳಿಂದಲೇ. ಮುಂದಿನ ಸ್ಟ್ರಟ್ ಸ್ವಲ್ಪ ಬಿಲ್ಲಿನಂತೆ ಬಾಗಿದರೆ ಅದರ ಎರಡು ತುದಿಗಳ ಅಂತರ ಕಡಿಮೆಯಾಗುತ್ತದೆ, ಮುಂದಿನ ಸ್ಪಾರ್ ಇಳಿಯುತ್ತದೆ, ಹಿಂದಿನದು ಅಲ್ಲೇ ಇರುತ್ತದೆ. ರೆಕ್ಕೆಯ ಕೋನ ಇನ್ನೂ ಕೆಳಗಾಗುತ್ತದೆ. ಕೋನ ಇಳಿದಷ್ಟೂ ಕೆಳಮುಖ ಬಲ ಹೆಚ್ಚು, ಬಲ ಹೆಚ್ಚಿದಷ್ಟೂ ಸ್ಟ್ರಟ್ ಬಾಗುವುದು ಹೆಚ್ಚು. ಈ ಸರಪಳಿಯ ನಡುವೆ ಪೈಲಟ್ ಕೈ ಹಾಕಲು ಸಮಯವೇ ಇಲ್ಲ. ಬ್ರೂಸ್ ಬಾಸಮ್ ಅಲ್ಲ, ಅಂದಿನ ಅತ್ಯುತ್ತಮ ಪೈಲಟ್ ಕೂತಿದ್ದರೂ ಫಲ ಒಂದೇ.

ಕೋಟೆಬೆಟ್ಟ_ಬಳ್ಳಾರಿ

ಒಂದು ಪ್ರಶ್ನೆ. ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ತಂದದ್ದು ಇದೇ ಜಾತಿಯ ವಿಮಾನದಲ್ಲಲ್ಲವೇ? ಅದು ನಮ್ಮೂರಿಗೂ ಬಂದಿತ್ತು.

ಹಳೇಪ್ರೊಪೆಲ್ಲರ್

ಹೌದು, ಇದೇ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಕರಾಚಿಯ ಡ್ರಿಗ್ ರೋಡ್‌ನಿಂದ ಹೊರಟು, ಅಹಮದಾಬಾದಿನಲ್ಲಿ ಇಂಧನ ತುಂಬಿಸಿಕೊಂಡು, ಮುಂಬಯಿಯ ಜುಹುಗೆ ಬಂದರು. ಅಹಮದಾಬಾದಿನಲ್ಲಿ ಪೆಟ್ರೋಲ್ ಡಬ್ಬಿಗಳು ಬಂದದ್ದು ಎತ್ತಿನ ಗಾಡಿಯಲ್ಲಿ. ಮುಂಬಯಿಯಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಅಂಚೆಯನ್ನು ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ಕಂಪನಿ ಶುರುವಾದದ್ದೇ ಎರಡು ಪಸ್ ಮಾತ್ ಇಟ್ಟುಕೊಂಡು.

ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಜುಲೈ 27 ಚರ್ಟ್, ಸೆಪ್ಟೆಂಬರ್ 18 ಬೈರನ್ ಬೇ, ಅಕ್ಟೋಬರ್ 15 ಕರಾಚಿ. ಅಂದರೆ ಬಳ್ಳಾರಿಯ ಬಯಲಿನಲ್ಲಿ ಆ ವಿಮಾನ ಇಳಿಯುವ ಹೊತ್ತಿಗೆ ಜಗತ್ತಿನ ಆ ಕಡೆ ಇದೇ ಮಾದರಿಯ ರೆಕ್ಕೆಗಳ ಬಗ್ಗೆ ಪ್ರಶ್ನೆ ಎದ್ದಾಗಿತ್ತು. ನಮ್ಮ ವಿಮಾನಯಾನದ ಚರಿತ್ರೆ ಬರೆಯುವವರು ಆ ಮೊದಲ ಹಾರಾಟದ ಧೈರ್ಯವನ್ನು ಹೊಗಳುತ್ತಾರೆ, ಆ ಧೈರ್ಯ ಎಂಥ ಸ್ಟ್ರಟ್ ಮೇಲೆ ನಿಂತಿತ್ತು ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಬೇಕು.

ಗಾಳಿಮಾಪಕ

ಅಂಚೆ ಹಾರಾಟಕ್ಕೆ ಒಂದು ಅನುಕೂಲ ಇತ್ತು: ಮೊದಲ ದಿನದ ಅಂಚೆ ಬರೀ 25 ಕೆ.ಜಿ. ಆಸುಪಾಸು. ಆದರೆ ಇಲ್ಲೊಂದು ತಪ್ಪು ಗ್ರಹಿಕೆ ಬರಬಾರದು. ಹಗುರವಾದ ವಿಮಾನಕ್ಕೆ ಗಾಳಿಯ ಹೊಡೆತದ ಜಿ ಹೆಚ್ಚು, ಕಡಿಮೆ ಅಲ್ಲ. ಮೇಲಿನ ಸೂತ್ರದಲ್ಲಿ ರೆಕ್ಕೆಭಾರ ಕೆಳಗಿದೆ ನೋಡಿ. ರೆಕ್ಕೆ ಮೇಲೆ ಬರುವ ಒಟ್ಟು ಬಲದ ಬದಲಾವಣೆ ಎರಡರಲ್ಲೂ ಒಂದೇ. ಹಗುರ ವಿಮಾನದಲ್ಲಿ ಅದನ್ನು ಸರಿದೂಗಿಸುವ ಮೇಲ್ಮುಖ ಬಲವೇ ಕಡಿಮೆ ಇರುವುದರಿಂದ ರೆಕ್ಕೆ ಬೇಗ ಕೆಳಮುಖ ಬಲಕ್ಕೆ ಹೊರಳುತ್ತದೆ.

ಪುಕ್ಕದಗಂಟು

ಸ್ಟ್ರಟ್ ಬಗ್ಗೆ ಇಷ್ಟಾಯಿತು, ಫ್ಲಟರ್ (ಗಾಳಿಯಿಂದಲೇ ಹೆಚ್ಚುತ್ತಾ ಹೋಗುವ ಕಂಪನ) ಬಗ್ಗೆ ಯಾರೂ ಹೇಳಲಿಲ್ಲ. ತನಿಖೆಯ ನಂತರ ಪಸ್ ಮಾತ್‌ಗೆ ಮಾಡಿದ ಬದಲಾವಣೆ ಎರಡು ಬಗೆಯದು: ಸ್ಟ್ರಟ್ ಗಟ್ಟಿ ಮಾಡಿದ್ದು ಒಂದು, ನಿಯಂತ್ರಣ ಫಲಕಗಳು ಫ್ಲಟರ್ ಆಗದಂತೆ ಸರಿಪಡಿಸಿದ್ದು ಇನ್ನೊಂದು.

ಏಲೆರಾನ್‌ನ (ರೆಕ್ಕೆಯ ಹಿಂದಂಚಿನಲ್ಲಿ ಮೇಲೆ ಕೆಳಗೆ ತಿರುಗುವ ಫಲಕದ) ತೂಕದ ಕೇಂದ್ರ ಸಾಮಾನ್ಯವಾಗಿ ಕೀಲಿಗಿಂತ ಹಿಂದೆ ಇರುತ್ತದೆ. ರೆಕ್ಕೆ ತಟ್ಟನೆ ಮೇಲೆದ್ದರೆ ಏಲೆರಾನ್‌ನ ಬಾಲ ಹಿಂದುಳಿದು ಕೆಳಗಾಗುತ್ತದೆ. ಕೆಳಗಾದ ಏಲೆರಾನ್ ರೆಕ್ಕೆಯನ್ನು ಇನ್ನೂ ಮೇಲೆತ್ತುತ್ತದೆ. ರೆಕ್ಕೆ ಹಿಂದಿರುಗುವಾಗ ಅದೇ ಉಲ್ಟಾ. ಹೀಗೆ ಪ್ರತಿ ಸುತ್ತಿನಲ್ಲೂ ಗಾಳಿ ಕಂಪನಕ್ಕೆ ಶಕ್ತಿ ತುಂಬುತ್ತಾ ಹೋಗುತ್ತದೆ. ಒಂದು ವೇಗದ ತನಕ ಗಾಳಿಯೇ ಅದನ್ನು ತಣಿಸುತ್ತದೆ, ಆ ವೇಗ ದಾಟಿದರೆ ಹೆಚ್ಚಿಸುತ್ತದೆ.

ಮದ್ದು: ಕೀಲಿನ ಮುಂದೆ ಸೀಸದ ತೂಕ ಇಟ್ಟು ಕೇಂದ್ರವನ್ನು ಕೀಲಿನ ಮೇಲೆ ಅಥವಾ ಅದಕ್ಕಿಂತ ಮುಂದೆ ತರುವುದು. ಏಲೆರಾನ್ ಬಿಚ್ಚಿ, ಎರಡು ಕೀಲುಗಳ ಮೇಲೆ ಸಡಿಲವಾಗಿ ಕೂರಿಸಿ, ಕೈ ಬಿಟ್ಟಾಗ ಬಾಲ ಕೆಳಗೆ ಬೀಳಬಾರದು. ಬಣ್ಣ ಬಳಿದ ಮೇಲೆ, ಬಟ್ಟೆ ತೇಪೆ ಹಾಕಿದ ಮೇಲೆ ಇದನ್ನು ಮತ್ತೆ ನೋಡಬೇಕು, ಬಾಲದ ತುದಿಗೆ ಸೇರಿದ 50 ಗ್ರಾಂ ಬಣ್ಣವೂ ಲೆಕ್ಕ ಕೆಡಿಸುತ್ತದೆ. ನಿಯಂತ್ರಣ ಕೇಬಲ್ ಸಡಿಲ ಇದ್ದರೆ ಏಲೆರಾನ್‌ಗೆ ಓಲಾಡಲು ಜಾಗ ಸಿಗುತ್ತದೆ, ಅದೂ ಅಪಾಯ.

ಬೇಸರದ ಸಂಗತಿ ಎಂದರೆ ಈ ಜ್ಞಾನ ಆಗಲೇ ಇತ್ತು. ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದ ಫ್ರೇಜರ್ ಮತ್ತು ಡಂಕನ್ ರೆಕ್ಕೆಗಳ ಫ್ಲಟರ್ ಬಗ್ಗೆ 1928ರಲ್ಲೇ ದೊಡ್ಡ ವರದಿ ಬರೆದು, ತೂಕ ಸಮತೋಲನ ಮತ್ತು ಬಿಗಿತ ಎರಡನ್ನೂ ಹೇಳಿದ್ದರು.

ಮೋಡದಂಚು

ಒಪ್ಪುತ್ತೇನೆ, ನನ್ನ ಸುರುಳಿ ವಾದಕ್ಕೆ ಸ್ಟ್ರಟ್‌ನ ದಿಕ್ಕು ಹೊಂದುವುದಿಲ್ಲ. ಹಾಗಾದರೆ ಬರ್ಟ್ ಹಿಂಕ್ಲರ್ ಪ್ರಕರಣವನ್ನೂ ಇದೇ ಪಟ್ಟಿಗೆ ಸೇರಿಸುವುದೇ? 1931ರಲ್ಲಿ ಪಸ್ ಮಾತ್‌ನಲ್ಲಿ ದಕ್ಷಿಣ ಅಟ್ಲಾಂಟಿಕ್ ಅನ್ನು ಒಬ್ಬರೇ ದಾಟಿದವರು. 1933ರ ಜನವರಿ 7ರಂದು ಅದೇ ವಿಮಾನದಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಹೊರಟು ಕಾಣೆಯಾದರು. ಏಪ್ರಿಲ್ 27ರಂದು ಇಟಲಿಯ ಪ್ರಾಟೊಮ್ಯಾಗ್ನೊ ಬೆಟ್ಟದಲ್ಲಿ ಸಿಕ್ಕರು.

ಹಳೇಪ್ರೊಪೆಲ್ಲರ್

ಮಾದರಿ ಒಂದೇ ಎಂಬ ಕಾರಣಕ್ಕೆ ಸೇರಿಸಬಾರದು. ಜನವರಿಯಲ್ಲಿ ಆಲ್ಪ್ಸ್ ಆಚೆಗಿನ ಬೆಟ್ಟಗಳ ಮೇಲೆ ಹಾರುವವನಿಗೆ ಹಿಮ, ಮೋಡ, ಕಾರ್ಬ್ಯುರೇಟರ್‌ನಲ್ಲಿ ಮಂಜುಗಡ್ಡೆ, ಹೀಗೆ ಬೇರೆ ಶತ್ರುಗಳೂ ಇದ್ದಾರೆ. ಆಕಾಶದಲ್ಲಿ ಒಡೆಯಿತು ಎನ್ನಲು ಬೇರೆ ಗುರುತು ಬೇಕು.

ಅವಶೇಷ ಓದುವ ಕ್ರಮ ಹೀಗೆ. ಮೊದಲು ಎಲ್ಲ ಭಾಗಗಳನ್ನೂ ಬಿದ್ದ ಜಾಗದಲ್ಲೇ ನಕ್ಷೆ ಮೇಲೆ ಗುರುತಿಸಬೇಕು, ಒಂದನ್ನೂ ಎತ್ತಬಾರದು. ರೆಕ್ಕೆ, ಬಾಲ, ಒಡಲು, ಎಂಜಿನ್ ಎಲ್ಲ ಒಂದೇ ಕಡೆ ಇದ್ದರೆ ವಿಮಾನ ಇಡಿಯಾಗಿ ನೆಲ ಮುಟ್ಟಿದೆ. ರೆಕ್ಕೆಯ ತುಂಡು ಅರ್ಧ ಕಿಲೋಮೀಟರ್ ಹಿಂದೆ ಇದ್ದರೆ ಮೊದಲು ಕಳಚಿದ್ದು ಅದು. ಇಲ್ಲಿ ಗಾಳಿಯ ಲೆಕ್ಕ ಮರೆಯಬಾರದು: ಬಟ್ಟೆ ರೆಕ್ಕೆಯ ತುಂಡು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಇಳಿದರೆ 600 ಮೀಟರ್ ಎತ್ತರದಿಂದ ನೆಲಕ್ಕೆ ಒಂದು ನಿಮಿಷ. ಅಷ್ಟರಲ್ಲಿ ಸೆಕೆಂಡಿಗೆ 15 ಮೀಟರಿನ ಗಾಳಿ ಅದನ್ನು 900 ಮೀಟರ್ ತೇಲಿಸಿಕೊಂಡು ಹೋಗಿರುತ್ತದೆ. ಎಂಜಿನ್ನನ್ನು ಗಾಳಿ ಅಷ್ಟಾಗಿ ತೇಲಿಸುವುದಿಲ್ಲ. ಆದ್ದರಿಂದ ಪ್ರತಿ ತುಂಡನ್ನೂ ಗಾಳಿಗೆ ಎದುರಾಗಿ ಲೆಕ್ಕದಲ್ಲಿ ಹಿಂದಕ್ಕೆ ಒಯ್ದು ನೋಡಬೇಕು.

ಆಮೇಲೆ ಮುರಿದ ಮುಖ. ಎಳೆದು ಮುರಿದ ಉಕ್ಕಿನ ಕೊಳವೆ ಮುರಿದಲ್ಲಿ ಸಣಕಲಾಗಿರುತ್ತದೆ. ಒತ್ತಿ ಹೋದದ್ದು ನಡುವೆ ಮಡಚಿಕೊಂಡಿರುತ್ತದೆ, ಒಳಬಾಗಿದ ಬದಿಯಲ್ಲಿ ಗೋಡೆ ಸುಕ್ಕುಗಟ್ಟಿರುತ್ತದೆ. ಮರದ ಸ್ಪಾರ್‌ನಲ್ಲಿ ಎಳೆತದ ಕಡೆ ಉದ್ದುದ್ದ ಸಿಬಿರು, ಒತ್ತಡದ ಕಡೆ ಅಡ್ಡಕ್ಕೆ ಮೊಂಡು ಸುಕ್ಕು. ಇದರಿಂದ ರೆಕ್ಕೆ ಮೇಲಕ್ಕೆ ಮಡಚಿತೋ ಕೆಳಕ್ಕೋ ಗೊತ್ತಾಗುತ್ತದೆ. ನೆಲಕ್ಕೆ ಬಡಿದು ಬಾಗಿದ ಸ್ಟ್ರಟ್‌ಗೂ ಇಂಥದೇ ಮಡಿಕೆ ಬರಬಹುದು, ಹಾಗಾಗಿ ದೂರ ಬಿದ್ದ ಬಿಡಿ ಸ್ಟ್ರಟ್‌ನ ಸಾಕ್ಷ್ಯಕ್ಕೆ ಹೆಚ್ಚು ಬೆಲೆ.

ಸ್ಪಾರ್‌ಪೆಟ್ಟಿಗೆ

ಈಗ ಮದ್ದಿಗೆ ಬರೋಣ. ಮುಂದಿನ ಸ್ಟ್ರಟ್‌ನ ನಡುಭಾಗದಿಂದ ರೆಕ್ಕೆ ಬುಡದ ಹಿಂಭಾಗಕ್ಕೆ ಒಂದು ಚಿಕ್ಕ ಆನಿಕೆ ಕೊಟ್ಟರು. ಅಷ್ಟೇ. ಇಂಥದಕ್ಕೆ ಜ್ಯೂರಿ ಸ್ಟ್ರಟ್ ಎಂದು ಹೆಸರು.

ಇಷ್ಟು ಚಿಕ್ಕದರಿಂದ ಏನಾಗುತ್ತದೆ? ಆಯ್ಲರ್ ಸೂತ್ರದಲ್ಲಿ ಉದ್ದ ವರ್ಗವಾಗಿ ಕೂತಿದೆ. ನಡುವೆ ಹಿಡಿದರೆ 2.5 ಮೀಟರಿನ ಕೊಳವೆ 1.25 ಮೀಟರಿನ ಎರಡು ಕೊಳವೆಗಳಂತೆ ವರ್ತಿಸುತ್ತದೆ. ಮಿತಿ ನಾಲ್ಕು ಪಟ್ಟು: 750 ಹೋಗಿ 3,000 ಕೆ.ಜಿ. ನಮ್ಮ 1,400ರ ಹೊಡೆತಕ್ಕೆ ಎರಡು ಪಟ್ಟು ಅಂತರ. ಕಂಪನದ ವೇಗವೂ ನಾಲ್ಕು ಪಟ್ಟು: ಈ ಕೊಳವೆ ಬಿಡಿಯಾಗಿ ಸೆಕೆಂಡಿಗೆ 17.5 ಬಾರಿ ಕಂಪಿಸುತ್ತದೆ, ನಡುವೆ ಹಿಡಿದರೆ 70.

ಚಿಕ್ಕ ಆನಿಕೆ ಹೊರಬೇಕಾದ ಬಲವೂ ಅಲ್ಪ. ನೆಟ್ಟಗಿರುವ ಕಂಬವನ್ನು ಪಕ್ಕಕ್ಕೆ ಜರುಗದಂತೆ ಹಿಡಿಯಲು ಅದರ ಒತ್ತಡದ 2% ಸಾಕು ಎಂಬುದು ರೂಢಿಯ ಲೆಕ್ಕ. 1,400ಕ್ಕೆ 28 ಕೆ.ಜಿ. ಒಂದು ಸಣ್ಣ ಕೊಳವೆ ಇದನ್ನು ಹೊರುತ್ತದೆ.

ಪುಕ್ಕದಗಂಟು

70 ಎಂದಿರಿ. ನಾಲ್ಕು ಸಿಲಿಂಡರಿನ ನಾಲ್ಕು ಹೊಡೆತದ ಎಂಜಿನ್ ನಿಮಿಷಕ್ಕೆ 2,100 ಸುತ್ತು ಹೋದರೆ ಸೆಕೆಂಡಿಗೆ 35 ಸುತ್ತು, ಸುತ್ತಿಗೆ ಎರಡು ಸ್ಫೋಟ, ಅಂದರೆ ಸೆಕೆಂಡಿಗೆ 70. ನಿಮ್ಮ ಉದಾಹರಣೆ ಸ್ಟ್ರಟ್ ಸರಿಯಾಗಿ ಎಂಜಿನ್ನಿನ ತಾಳಕ್ಕೇ ಕೂತುಬಿಟ್ಟಿದೆ!

ಸ್ಪಾರ್‌ಪೆಟ್ಟಿಗೆ

ಸರಿಯಾಗಿ ಹಿಡಿದಿರಿ. ಬಕ್ಲಿಂಗ್ (ಒತ್ತಡಕ್ಕೆ ಬಾಗಿ ಹೋಗುವ) ಲೆಕ್ಕ ಒಂದೇ ನೋಡಿ ಸ್ಟ್ರಟ್ ಆರಿಸಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಗೋಡೆ ದಪ್ಪ ಮಾಡಿದರೆ ಹೆಚ್ಚು ಉಪಯೋಗ ಇಲ್ಲ (ತೂಕವೂ ಜೊತೆಗೇ ಏರುತ್ತದೆ), ವ್ಯಾಸ ಬದಲಿಸಬೇಕು ಅಥವಾ ಆನಿಕೆಯನ್ನು ನಡುವಿನಿಂದ ಒಂದಿಷ್ಟು ಸರಿಸಬೇಕು. ಇನ್ನೊಂದು ವಿಷಯ: ಸ್ಟ್ರಟ್ ಎಳೆತದಲ್ಲಿದ್ದಾಗ ಅದರ ಕಂಪನದ ವೇಗ ಏರುತ್ತದೆ, ಒತ್ತಡದಲ್ಲಿದ್ದಾಗ ಇಳಿಯುತ್ತದೆ, ಬಕ್ಲಿಂಗ್ ಮಿತಿಯಲ್ಲಿ ಸೊನ್ನೆಗೆ ಬರುತ್ತದೆ. ಹಾಗಾಗಿ ನಿಂತ ವಿಮಾನದಲ್ಲಿ ಎಂಜಿನ್ ಓಡಿಸಿ "ಸ್ಟ್ರಟ್ ನಡುಗುತ್ತಿಲ್ಲ" ಎಂದು ಹೇಳಿದರೆ ಸಾಲದು.

ಕೋಟೆಬೆಟ್ಟ_ಬಳ್ಳಾರಿ

ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಕಾಣುವ ಸೆಸ್ನಾ 172ಕ್ಕೆ ಈ ಜ್ಯೂರಿ ಸ್ಟ್ರಟ್ ಇಲ್ಲವಲ್ಲ?

ಸ್ಪಾರ್‌ಪೆಟ್ಟಿಗೆ

ಅದರ ರೆಕ್ಕೆ ಲೋಹದ ಚರ್ಮದ್ದು, ಇಡೀ ರೆಕ್ಕೆಯೇ ಒಂದು ಪೆಟ್ಟಿಗೆಯಂತೆ ತಿರುಚನ್ನು ತಡೆಯುತ್ತದೆ. ಆದ್ದರಿಂದ ಬದಿಗೆ ಒಂದೇ ಸ್ಟ್ರಟ್ ಸಾಕು, ಆ ಒಂದನ್ನು ದಪ್ಪವಾಗಿ ಮಾಡಿದ್ದಾರೆ. ಪೈಪರ್ ಕಬ್ ನೋಡಿ: ಬಟ್ಟೆ ರೆಕ್ಕೆ, ಎರಡು ಸ್ಟ್ರಟ್, ನಡುವೆ ಜ್ಯೂರಿ ಸ್ಟ್ರಟ್ ಇದ್ದೇ ಇದೆ.

ಕಬ್‌ನ ಮಾತು ಬಂತು ಅಂತ ತುಕ್ಕಿನ ವಿಷಯವನ್ನೂ ಹೇಳಿಬಿಡುತ್ತೇನೆ. ಸ್ಟ್ರಟ್ ಕೊಳವೆಯ ಕೆಳತುದಿಯಲ್ಲಿ ನೀರು ನಿಂತು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಹೀಗೆ ರೆಕ್ಕೆ ಕಳಚಿದ ಅಪಘಾತಗಳ ನಂತರ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ 1993ರಲ್ಲಿ ಪೈಪರ್ ಸ್ಟ್ರಟ್‌ಗಳಿಗೆ ಕಡ್ಡಾಯ ತಪಾಸಣೆ ವಿಧಿಸಿತು. ಚೂಪು ತುದಿಯ ಒತ್ತುಮಾಪಕದಿಂದ ಕೆಳಭಾಗವನ್ನು ಒತ್ತಿ ನೋಡುತ್ತಾರೆ, ಗೋಡೆ ತೆಳುವಾಗಿದ್ದರೆ ಕುಳಿ ಬೀಳುತ್ತದೆ. ಅಥವಾ ಅಲ್ಟ್ರಾಸೌಂಡ್‌ನಿಂದ ದಪ್ಪ ಅಳೆಯುತ್ತಾರೆ. ಕೆಳತುದಿಯ ಕವಲು ಬೋಲ್ಟಿನ ಥ್ರೆಡ್‌ಗಳಲ್ಲಿ ಬಿರುಕು ಹುಡುಕಬೇಕು. ಹಳೆಯ ರಿವಾಜಿನಲ್ಲಿ ಕೊಳವೆಯೊಳಗೆ ಅಗಸೆ ಎಣ್ಣೆ ಸುರಿದು, ಎಲ್ಲ ಕಡೆ ತಾಗುವಂತೆ ತಿರುಗಿಸಿ, ಬಸಿದು, ತುದಿ ಮುಚ್ಚುತ್ತಾರೆ.

ಬಾಲ್ಸಾಪುಡಿ

ಕಾಲು ಅಳತೆಯ ಪಸ್ ಮಾತ್ ಮಾದರಿ ಕಟ್ಟುವವರಿಗೆ: ಹರವು 2.8 ಮೀ., ತೂಕ 8 ಕೆ.ಜಿ. ಆಸುಪಾಸು. ಸ್ಟ್ರಟ್ 600 ಮಿ.ಮೀ. ಇದ್ದರೆ 8 ಮಿ.ಮೀ. ವ್ಯಾಸ, 0.5 ಮಿ.ಮೀ. ಗೋಡೆಯ ಅಲ್ಯುಮಿನಿಯಂ ಕೊಳವೆ ಸಾಕೇ? 1932ರ ನಂತರದ ರೂಪ ಕಟ್ಟಿದರೆ ಜ್ಯೂರಿ ಸ್ಟ್ರಟ್ ಬರೀ ಅಲಂಕಾರಕ್ಕೆ ಇಟ್ಟರೆ ಸಾಲದೇ?

ಸ್ಪಾರ್‌ಪೆಟ್ಟಿಗೆ

ಅಲಂಕಾರಕ್ಕೆ ಬೇಡ, ಕೆಲಸಕ್ಕೇ ಇಡಿ. ಆ ಕೊಳವೆಯ ಬಕ್ಲಿಂಗ್ ಮಿತಿ 16 ಕೆ.ಜಿ. ಕೋಲನ್ನು ಜೋರಾಗಿ ಮುಂದೆ ತಳ್ಳಿ −3 ಜಿ ಬಂದರೆ ಮುಂದಿನ ಸ್ಟ್ರಟ್‌ಗೆ 15 ಕೆ.ಜಿ. ಬರುತ್ತದೆ, ಅಂತರವೇ ಉಳಿಯುವುದಿಲ್ಲ. ನಡುವೆ ಹಿಡಿದರೆ ಮಿತಿ 64 ಕೆ.ಜಿ.

ಕೂರಿಸುವಾಗ ನಾಲ್ಕು ಎಚ್ಚರ. ಸ್ಟ್ರಟ್‌ನ ನಡುವೆ ತೂತು ಕೊರೆಯಬೇಡಿ, ಬಾಗುವ ಬಲ ಅಲ್ಲೇ ಹೆಚ್ಚು. ತೆಳು ತಗಡಿನ ಪಟ್ಟಿ ಸುತ್ತಿ ಬಿಗಿಯಿರಿ, ಪಟ್ಟಿಯ ಕೆಳಗೆ ರಬ್ಬರ್ ಇಡಬೇಡಿ, ಮೆದುವಾದರೆ ಹಿಡಿತ ಹೋಗುತ್ತದೆ. ಸ್ಟ್ರಟ್ ಉದ್ದಕ್ಕೂ ದಾರ ಬಿಗಿದು ನೋಡಿ, 600 ಮಿ.ಮೀ.ಗೆ 1 ಮಿ.ಮೀ.ಗಿಂತ ಹೆಚ್ಚು ಬಾಗಿದ್ದರೆ ಆ ಕೊಳವೆ ಬೇಡ. ಕೊನೆಯದಾಗಿ, ವಿಮಾನವನ್ನು ಚಕ್ರದ ಮೇಲೆ ನಿಲ್ಲಿಸಿ ಜ್ಯೂರಿ ಸ್ಟ್ರಟ್‌ನ ಪಿನ್ ಹಾಕುವಾಗ ಅದು ಬೆರಳಿನ ಒತ್ತಿಗೇ ಒಳಗೆ ಹೋಗಬೇಕು. ಸುತ್ತಿಗೆಯಿಂದ ಬಡಿದು ಕೂರಿಸಿದರೆ ಸ್ಟ್ರಟ್ ಆಗಲೇ ಒಂದು ಕಡೆಗೆ ಬಾಗಿರುತ್ತದೆ. ಹಾಗಿದ್ದರೆ ಆನಿಕೆಯ ಉದ್ದವನ್ನು ಅರ್ಧರ್ಧ ಮಿ.ಮೀ. ಕಡಿಮೆ ಮಾಡುತ್ತಾ ಸರಿಮಾಡಿಕೊಳ್ಳಿ.